ಚರ್ಚಿನ ಬೀಗದಕೈ ಅಜ್ಜಿ

ಹಳೇ ಚರ್ಚನ್ನು ಕೆಡವಿ ಅಂಗಡಿಸಾಲು ಕಟ್ಟುತ್ತಾರೆಂದು ಗೊತ್ತಾದಾಗ ಬೀದಿಯವರೆಲ್ಲ ಸಂಘ ಕಟ್ಟಿಕೊಂಡು ಅದನ್ನು ಕೊಂಡು, ಎಲ್ಲರ ಸಭಾಂಗಣ ಮಾಡಿಕೊಂಡರು. ಅಂದಿನಿಂದ ಅದರ ಬೀಗದಕೈ ಹೊಲಿಗೆ ಅಂಗಡಿಯ ಅಜ್ಜಿಯ ಸೊಂಟದಲ್ಲಿದೆ. ಬೆಂಚು ದರದರ ಎಳೆದರೆ ಸಿಡುಕು, ಗೋಡೆಗೆ ಮೊಳೆ ಹೊಡೆದರೆ ರಣರಂಪ. "ಏನ್ರೀ, ಇದೇನು ನಿಮ್ಮಪ್ಪನ ಮನೆ ಗೋಡೆನಾ?" ಎಂದು ಸಂಘದ ಅಧ್ಯಕ್ಷರನ್ನೇ ಗದರಿಸಿದವಳು. ಹಾಡು ಕಲಿಯಲು ಬರುವವರು ಅವಳಿಗೆ ಹೆದರಿ ಹೊರಗೇ ಕೆಮ್ಮಿ ಮುಗಿಸುತ್ತಾರೆ. ಮೊನ್ನೆ, ಮನೆಯವರು ಒಪ್ಪದ ಜೋಡಿಯೊಂದು ಮದುವೆಗೆ ಜಾಗ ಕೇಳಲು ಬಂತು. "ನಮಗ್ಯಾಕೆ ಈ ಉಸಾಬರಿ? ಬೇರೆ ಕಡೆ ನೋಡ್ಕೊಳ್ಳಿ" ಎಂದರು ಅಧ್ಯಕ್ಷರು. ಅಜ್ಜಿ ಈ ಸಲ ಕೂಗಾಡಲಿಲ್ಲ. "ನಮ್ಮೆಜಮಾನ್ರು ಬೇರೆ ಧರ್ಮದವರು ಅಂತ, ಮದುವೆ ದಿನ ನನ್ನನ್ನ ಇದೇ ಮೆಟ್ಟಿಲಿಂದ ವಾಪಸ್ ಕಳ್ಸಿದ್ರು. ಈಗ ಇದು ನಮ್ಮೆಲ್ಲರದು. ಇನ್ನೊಬ್ಬಳನ್ನ ಹಾಗೆ ಕಳ್ಸೋಕೆ ನಾನು ಬಿಡಲ್ಲ" ಎಂದವಳೇ ಹುಡುಗಿಯ ಕೈಹಿಡಿದು ಒಳಗೆ ಕರೆದುಕೊಂಡು ಹೋದಳು.