ಪ್ರಿಂಟರ್‌ಗೆ ಹಾರ ಹಾಕಿದ ಮೇಡಮ್

ಸೇವಂತಿಗೆಯ ವಾಸನೆ ಮತ್ತು ಆಗಷ್ಟೇ ಪ್ರಿಂಟ್ ಆದ ಬಿಸಿ ಕಾಗದದ ವಾಸನೆ ಒಟ್ಟಿಗೆ ಮೂಗಿಗೆ ಬರುವುದು ಅಪರೂಪ. ಮೊನ್ನೆ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಬೆಂಗಳೂರಿನ ಹುಡುಗಿಯೊಬ್ಬಳು ಆಯುಧಪೂಜೆ ಅಂತ ಪ್ರಿಂಟರ್ ಮೇಲೆ ಒಂದು ಮೊಳ ಸೇವಂತಿಗೆ ಇಟ್ಟಿದ್ದಳು. ಕಾಗದ ತೆಗೆದುಕೊಳ್ಳಲು ಬಗ್ಗಿದೆ, ಆ ವಾಸನೆ ಬಂತು... ಅಷ್ಟೇ. ಕಾಕಿ ಬುಕಿತ್ ಬಡಾವಣೆಯ ಹಳೆಯ ಆಫೀಸು, ಕೆಳಗಿನ ಗೋದಾಮಿನ ಫೋರ್ಕ್‌ಲಿಫ್ಟ್ ಸದ್ದು, ನಮ್ಮ ಮೇಡಮ್, ಎಲ್ಲ ನೆನಪಾಯಿತು.

ಸಿಂಗಪುರಕ್ಕೆ ಬಂದ ಮೇಲೆ ನಾನು ಮೊದಲು ಕೆಲಸ ಮಾಡಿದ್ದು ಅವರ ಕೈಕೆಳಗೆ. ಈ ಊರಿನಲ್ಲಿ ಬಾಸನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ನಮಗೆ ಮಾತ್ರ ನಾಲಿಗೆ ಹೊರಳಲಿಲ್ಲ, ಕೊನೆಯವರೆಗೂ ಮೇಡಮ್ ಎಂದೇ ಕರೆದೆವು. ಮೈಸೂರಿನವರು. ಅವರ ತಂದೆ ಅಲ್ಲಿನ ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದರಂತೆ. ಒಬ್ಬರು ಮೂಲ ಪ್ರತಿಯನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಅಚ್ಚಾದ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಾ ಹೋಗುವುದು. ಆ ಪದ್ಧತಿಯನ್ನು ಮೇಡಮ್ ಹಾಗೇ ಎತ್ತಿಕೊಂಡು ಬಂದು ತಮ್ಮ ಸಾಫ್ಟ್‌ವೇರ್ ಕಂಪನಿಯಲ್ಲಿ ಪ್ರತಿಷ್ಠಾಪನೆ ಮಾಡಿದ್ದರು. ನಾವು ಏನೇ ಮಾಡಿದರೂ ಅದನ್ನು ಪ್ರಿಂಟ್ ತೆಗೆದು, ಕಂಪ್ಯೂಟರಿನಲ್ಲಿದ್ದುದನ್ನು ನಾನು ಪುರಾಣ ಓದಿದ ಹಾಗೆ ಓದಬೇಕು, ಅವರು ಕಾಗದದ ಮೇಲೆ ಕಣ್ಣಿಟ್ಟು ನೋಡಬೇಕು. ಪಕ್ಕದ ಮೇಜಿನ ಚೀನೀ ಹುಡುಗರು ಕಿವಿಗೆ ಹೆಡ್‌ಫೋನ್ ಏರಿಸಿಕೊಂಡು ನಗುತ್ತಿದ್ದರು. ನಾನೂ ಒಳಗೊಳಗೇ ನಗುತ್ತಿದ್ದೆ, ಸುಳ್ಳೇಕೆ ಹೇಳಲಿ.

ನಮ್ಮ ಮುಖ್ಯ ಕ್ಲೈಂಟ್, ಮನೆಮನೆಗೆ ನರ್ಸ್‌ಗಳನ್ನು ಕಳಿಸುವ ಒಂದು ಸಂಸ್ಥೆ. ಯಾವ ರೋಗಿಗೆ ಯಾವ ಹೊತ್ತಿಗೆ ಯಾವ ಔಷಧ ಎಂಬುದೆಲ್ಲ ಅವರ ವೆಬ್ ಪೇಜಿನಲ್ಲಿರುತ್ತಿತ್ತು. ಆದರೆ ಮನೆಯಲ್ಲಿ ವಯಸ್ಸಾದವರನ್ನು ನೋಡಿಕೊಳ್ಳುವ ಹೆಲ್ಪರ್‌ಗಳು ಕೈ ಒದ್ದೆಯಿರುವಾಗ ಫೋನ್ ತೆರೆದು ಕೂರುತ್ತಾರೆಯೇ? ಫ್ರಿಡ್ಜ್ ಬಾಗಿಲಿಗೆ ಅಂಟಿಸಲು ಕಾಗದವೇ ಬೇಕು. ವೆಬ್ ಪೇಜನ್ನು ಪ್ರಿಂಟ್ ಮಾಡುವಂಥ ಪಿಡಿಎಫ್ ಆಗಿ ಬದಲಾಯಿಸುವ ಕೆಲಸ ನನ್ನ ಪಾಲಿಗೆ ಬಂತು. ಇಂಥದ್ದಕ್ಕೆ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟ ಪ್ರೋಗ್ರಾಮ್‌ಗಳಿರುತ್ತವೆ. ಅವಕ್ಕೆ ನಾವು ಲೈಬ್ರರಿ ಅನ್ನುತ್ತೇವೆ. ಈ ಕಡೆಯಿಂದ ಪೇಜ್ ಕೊಟ್ಟರೆ ಆ ಕಡೆಯಿಂದ ಪಿಡಿಎಫ್ ಬರುತ್ತದೆ, ಹಿಟ್ಟಿನ ಗಿರಣಿಯ ಹಾಗೆ. ಚಿಕ್ಕದೊಂದು ಪಟ್ಟಿ ಹಾಕಿ ನೋಡಿದೆ, ಮುದ್ದಾಗಿ ಬಂತು. ಬೀಗಿದೆ.

ಕೆಲಸ ಒಪ್ಪಿಸಬೇಕಾದ ದಿನವೇ ಆಯುಧಪೂಜೆ. ಮೇಡಮ್ ಆಫೀಸಿಗೆ ರೇಷ್ಮೆ ಸೀರೆಯಲ್ಲಿ ಬಂದಿದ್ದರು. ನಿಂಬೆಹಣ್ಣು ಇಡಲು ವಾಹನ ಇರಲಿಲ್ಲವೆಂದು ತಮ್ಮ ಕುರ್ಚಿಯ ಚಕ್ರದ ಕೆಳಗೇ ಇಟ್ಟು ಒಂದು ಸುತ್ತು ತಿರುಗಿಸಿದರು. ಪ್ರಿಂಟರ್‌ಗೆ ಕುಂಕುಮ, ದಪ್ಪ ಹಾರ. ಆಯುಧಕ್ಕೆ ಆವತ್ತು ವಿಶ್ರಾಂತಿ, ನಾಳೆ ವಿಜಯದಶಮಿ ಪೂಜೆ ಆದ ಮೇಲೇ ಅದನ್ನು ಮುಟ್ಟುವುದು ಎಂದು ಅಪ್ಪಣೆಯಾಯಿತು. ಕ್ಲೈಂಟ್ ಕೇಳಬೇಕಲ್ಲ! ಮರುದಿನ ಬೆಳಿಗ್ಗೆ ಅವರ ನರ್ಸ್‌ಗಳು ಹೊಸ ಕಾಗದ ಹಿಡಿದು ಮನೆಗಳಿಗೆ ಹೋಗುವುದೆಂದು ತೀರ್ಮಾನವಾಗಿತ್ತು. ಕೊನೆಗೆ ಮೇಡಮ್ ಒಂದು ದಾರಿ ಹುಡುಕಿದರು. ಪ್ರಿಂಟ್ ಬೇಡ, ಲ್ಯಾಪ್‌ಟಾಪ್‌ನಲ್ಲೇ ಓದೋಣ ಅಂದರು. ಎಲ್ಲಕ್ಕಿಂತ ಉದ್ದದ ಪಟ್ಟಿಯನ್ನು ವೆಬ್ ಪೇಜಿನಲ್ಲೇ ತೆರೆದು, ಮೌಸ್ ಉರುಳಿಸಿಕೊಂಡು ಕೊನೆಯವರೆಗೂ ಓದಿದೆವು. ಒಂದಕ್ಷರ ತಪ್ಪಿರಲಿಲ್ಲ. ಪಿಡಿಎಫ್ ತೆರೆದು ನೋಡಲು ಇಬ್ಬರಿಗೂ ತೋಚದೆ, ಕ್ಲೈಂಟ್‌ಗೆ ಕಳಿಸಿಬಿಟ್ಟೆವು.

ಮರುದಿನ ಪೂಜೆ ಮುಗಿಸಿ, ಹಾರ ತೆಗೆದು, ಶುಭಾರಂಭಕ್ಕೆ ಇರಲಿ ಅಂತ ಅದೇ ಉದ್ದದ ಪಟ್ಟಿಯನ್ನು ಪ್ರಿಂಟ್ ತೆಗೆಸಿದರು. ಲಗ್ನಪತ್ರಿಕೆಗೆ ಹಚ್ಚುವ ಹಾಗೆ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ಅಭ್ಯಾಸಬಲದಿಂದ ಪೆನ್ಸಿಲ್ ಕೈಗೆತ್ತಿಕೊಂಡರು. ನಾನು ವೆಬ್ ಪೇಜ್ ನೋಡಿಕೊಂಡು ಓದತೊಡಗಿದೆ. ಸ್ವಲ್ಪ ಹೊತ್ತಿಗೆ ಅವರ ಪೆನ್ಸಿಲ್ ನಿಂತಿತು.

"ಇನ್ನೂ ಏನಮ್ಮ ಓದ್ತಾ ಇದ್ದೀಯ?"

"ಇನ್ನೂ ಇದೆ ಮೇಡಮ್."

"ಇಲ್ಲಿ ಮುಗಿದೋಗಿದೆಯಲ್ಲಮ್ಮ."

ಅವರ ಕೈಯ ಹಾಳೆ ತೆಗೆದುಕೊಂಡು ನನ್ನ ಸ್ಕ್ರೀನಿನ ಪಕ್ಕಕ್ಕೆ ಹಿಡಿದು ನೋಡಿದೆ. ವೆಬ್ ಪೇಜಿನಲ್ಲಿ ಆ ಪಟ್ಟಿ ಒಂದು ಚೌಕದೊಳಗಿತ್ತು, ಉಳಿದದ್ದನ್ನು ಮೌಸ್ ಉರುಳಿಸಿ ನೋಡಬೇಕು. ಕಾಗದವನ್ನು ಯಾರು ಉರುಳಿಸುತ್ತಾರೆ? ಲೈಬ್ರರಿ ಚೌಕದಲ್ಲಿ ಕಂಡಷ್ಟನ್ನೇ ಅಚ್ಚುಕಟ್ಟಾಗಿ ಕಾಗದಕ್ಕಿಳಿಸಿ ಕೈತೊಳೆದುಕೊಂಡಿತ್ತು. ಕೆಳಗೆ ಉಳಿದುಹೋದದ್ದರಲ್ಲಿ ರಾತ್ರಿ ಊಟಕ್ಕೆ ಮುಂಚಿನ ಇನ್ಸುಲಿನ್ ಕೂಡ ಇತ್ತು. ಅಷ್ಟು ಹೊತ್ತಿಗೆ ಪಕ್ಕದ ಬೆಡೋಕ್ ಬಡಾವಣೆಯ ಎಷ್ಟೋ ಫ್ರಿಡ್ಜ್‌ಗಳ ಮೇಲೆ ಆ ಅರ್ಧ ಪಟ್ಟಿ ಹತ್ತಿ ಕೂತಾಗಿತ್ತು.

ಸೇಲ್ಸ್ ನೋಡಿಕೊಳ್ಳುತ್ತಿದ್ದ ಹಾಸನದವರೊಬ್ಬರು ತಕ್ಷಣ ಉಪಾಯ ಹೇಳಿದರು. ಕಾಂಟ್ರಾಕ್ಟ್ ಮುಂದುವರಿಯುವ ಮಾತು ನಡೆಯುತ್ತಿದೆ, ಇದು ಹೋದರೆ ಕಂಪನಿಯೇ ಅಲ್ಲಾಡುತ್ತದೆ, ಸದ್ದಿಲ್ಲದೆ ಸರಿಮಾಡಿ ಹೊಸ ಅಪ್‌ಡೇಟ್ ಅಂತ ಕಳಿಸಿಬಿಡೋಣ ಎಂಬುದು ಅವರ ವಾದ. ಕುಂಬಳಕಾಯಿ ಕಳ್ಳ ಅಂತ ಯಾರೂ ಅಂದಿಲ್ಲ, ನಾವೇಕೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕು ಎಂದರು. ಆ ಗಾದೆ ನನಗೂ ಆ ಕ್ಷಣಕ್ಕೆ ಬಹಳ ಹಿತವಾಗಿತ್ತು.

"ಅಪ್‌ಡೇಟ್ ಅಂದ್ರೆ ಯಾರು ಇವತ್ತೇ ಚೇಂಜ್ ಮಾಡ್ತಾರೆ?" ಮೇಡಮ್ ದನಿ ಏರಿಸಲಿಲ್ಲ. "ತಪ್ಪು ಅಂದ್ರೇನೇ ಓಡಿ ಹೋಗಿ ಕಿತ್ತಾಕೋದು. ನಾನೇ ಫೋನ್ ಮಾಡ್ತೀನಿ. ಪ್ರಿಂಟರ್‌ಗೆ ರೆಸ್ಟ್ ಕೊಟ್ಟೋಳು ನಾನು."

ಲೈಬ್ರರಿಯನ್ನು ದೂರಲಿಲ್ಲ, ನನ್ನ ಕಡೆ ಬೆರಳು ತೋರಿಸಲಿಲ್ಲ. ಎಲ್ಲರೆದುರೇ ಫೋನ್ ಮಾಡಿ, ನಮ್ಮಿಂದ ತಪ್ಪಾಗಿದೆ, ಇವತ್ತೇ ಎಲ್ಲ ಕಾಗದ ಬದಲಾಗಬೇಕು, ನಾವೂ ಜೊತೆಗೆ ಬರುತ್ತೇವೆ ಎಂದರು. ನಾನು ಕಾಗದದ ಮಟ್ಟಿಗೆ ಆ ಚೌಕವನ್ನು ತೆಗೆದು ಹಾಕುವಷ್ಟರಲ್ಲಿ ಪಕ್ಕಕ್ಕೆ ಬಂದು ನಿಂತು, ಪಟ್ಟಿಯ ಕೆಳಗೆ 'ಎಂಡ್ ಆಫ್ ಲಿಸ್ಟ್' ಅಂತ ಒಂದು ಸಾಲು ಹಾಕಿಸಿದರು. ಹಳೆಯ ಪುರಾಣದ ಪುಸ್ತಕಗಳಲ್ಲಿ ಕೊನೆಗೆ 'ಸಂಪೂರ್ಣಂ' ಅಂತ ಅಚ್ಚು ಹಾಕುತ್ತಿದ್ದರಲ್ಲ, ಅದಿಲ್ಲದಿದ್ದರೆ ಹಾಳೆ ಬಿದ್ದುಹೋಗಿದೆ ಎಂದೇ ಲೆಕ್ಕ ಎಂದು ಅವರ ತಂದೆ ಹೇಳುತ್ತಿದ್ದರಂತೆ.

ರೇಷ್ಮೆ ಸೀರೆ, ಕಾಲಿಗೆ ಸ್ಪೋರ್ಟ್ಸ್ ಶೂ, ಕಂಕುಳಲ್ಲಿ ಕಾಗದದ ಕಟ್ಟು. ಹಾಗೇ ಬ್ಲಾಕ್‌ನಿಂದ ಬ್ಲಾಕ್‌ಗೆ ನಡೆದರು. ಫ್ಲ್ಯಾಟ್‌ಗಳ ಕೆಳಗಿನ ಖಾಲಿ ಅಂಗಳದಲ್ಲಿ, ಇಲ್ಲಿ ಅದಕ್ಕೆ ವಾಯ್ಡ್ ಡೆಕ್ ಅನ್ನುತ್ತಾರೆ, ಚೆಸ್ ಆಡುತ್ತಿದ್ದ ಅಂಕಲ್‌ಗಳು ಯಾರದೋ ಮದುವೆಗೆ ಹೊರಟವರೆಂದು ದಾರಿ ಬಿಟ್ಟರು. ಒಂದು ಮನೆಯಲ್ಲಿ ಮಲಯ ಅಜ್ಜಿಯೊಬ್ಬರು ತಮಗೆ ರಾತ್ರಿ ಇಂಜೆಕ್ಷನ್ ಇದೆ ಎಂದು ವಾದಿಸುತ್ತಿದ್ದರು. ಹೆಲ್ಪರ್ ಹುಡುಗಿ ಫ್ರಿಡ್ಜ್ ಕಡೆ ಕೈ ತೋರಿಸಿ, ಪೇಪರ್‌ನಲ್ಲಿ ಇಲ್ಲ, ಇವತ್ತಿನಿಂದ ಬೇಡ ಎನ್ನುತ್ತಿದ್ದಳು. ಮೇಡಮ್ ಹಳೆಯ ಕಾಗದ ಕಿತ್ತು, ಹೊಸದನ್ನು ಅಂಟಿಸಿ, ಅವಳ ಬೆರಳು ಹಿಡಿದು ಕೊನೆಯ ಸಾಲಿನ ಮೇಲೆ ಇಟ್ಟರು. ಈ ಸಾಲು ಇಲ್ಲದಿದ್ದರೆ ಪೇಪರ್ ನಂಬಬೇಡ, ಫೋನ್ ಮಾಡು ಎಂದು ಇಂಗ್ಲಿಷಿನಲ್ಲಿ ನಿಧಾನವಾಗಿ ಹೇಳಿಕೊಟ್ಟರು. ಆಮೇಲೆ ಪ್ರತಿ ಮನೆಯಲ್ಲೂ ಅದನ್ನೇ ಹೇಳಿದರು. ಕಾರಿಡಾರಿನಲ್ಲಿ ಅವರ ಹಿಂದೆ ನಡೆಯುತ್ತಾ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಇವರು ನಮ್ಮ ಬಾಸ್ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳಬೇಕೆನಿಸಿತ್ತು.

ಯಾರಿಗೂ ಏನೂ ಆಗಲಿಲ್ಲ. ಆದರೆ ಹಾಸನದವರು ಹೆದರಿದ್ದು ನಿಜವಾಯಿತು, ಕಾಂಟ್ರಾಕ್ಟ್ ಬೇರೆಯವರ ಪಾಲಾಯಿತು. ಮುಂದಿನ ಆಯುಧಪೂಜೆಗೂ ಪ್ರಿಂಟರ್‌ಗೆ ಅಷ್ಟೇ ದಪ್ಪ ಹಾರ ಬಂತು, ಕಾಗದ ಹೊರಬರುವ ಜಾಗ ಬಿಟ್ಟು. ವಿಶ್ರಾಂತಿ ಕೊಡುವುದಿದ್ದರೆ ಭಾನುವಾರ ಕೊಡೋಣ ಎಂದರು ಮೇಡಮ್. ಕೆಲವು ವರ್ಷಕ್ಕೆ ಕಂಪನಿ ಮುಚ್ಚಿ ಮೈಸೂರಿಗೆ ಹೋದರು. ಹೋದ ಬೇಸಿಗೆಯಲ್ಲಿ ತೀರಿಕೊಂಡರು. ನನಗೆ ಹೋಗಲಾಗಲಿಲ್ಲ... ಆ ಸಂಕಟ ಇನ್ನೂ ಇದೆ.

ಈ ವಾರ ನಮ್ಮ ಪಕ್ಕದ ಮನೆಯ ಚೀನೀ ಅಂಕಲ್ ಆಸ್ಪತ್ರೆಯಿಂದ ಮನೆಗೆ ಬಂದರು. ನೋಡಲು ಹೋದಾಗ ಅದೇ ಸಂಸ್ಥೆಯ ನರ್ಸ್ ಬಂದಿದ್ದಳು. ಎಳೆಯ ಹುಡುಗಿ, ಆ ದಸರೆಯ ಹೊತ್ತಿಗೆ ಶಾಲೆಯಲ್ಲಿದ್ದಿರಬೇಕು. ಔಷಧದ ಹಾಳೆಯನ್ನು ಫ್ರಿಡ್ಜ್‌ಗೆ ಅಂಟಿಸಿ, ಅಂಕಲ್ ಮಗಳನ್ನು ಕರೆದು ಕೊನೆಯ ಸಾಲು ತೋರಿಸಿದಳು. ಈ ಸಾಲು ಇಲ್ಲದಿದ್ದರೆ ಪೇಪರ್ ನಂಬಬೇಡಿ, ಫೋನ್ ಮಾಡಿ ಎಂದಳು. ತಡೆಯಲಾರದೆ, ಅದು ನಮ್ಮ ಮೇಡಮ್ ಹಾಕಿಸಿದ ಸಾಲು ಎಂದುಬಿಟ್ಟೆ. ಯಾರು ಅವರು ಎಂದು ಕೇಳಿದಳು. ನನಗೆ ಕೆಲಸ ಕಲಿಸಿದವರು ಎಂದೆ. ಹಾಗಾದರೆ ಅವರಿಗೆ ನನ್ನ ಕಡೆಯಿಂದ ಥ್ಯಾಂಕ್ಸ್ ಹೇಳಿ ಎಂದಳು.

ಆಗಲಿ, ಹೇಳುತ್ತೇನೆ ಎಂದೆ.