ತಳದಲ್ಲಿ ಒಂದು ಹಿಡಿ

ಇಂಥ ಬರಹಗಳನ್ನು ಓದಿ ನಗುತ್ತಿದ್ದವನು ನಾನು. ಬರೆದವರು ಹೊಟ್ಟೆ ಬಿರಿಯ ಉಂಡು ಮಲಗಿ ಕನಸು ಕಂಡಿರಬೇಕು ಎನ್ನುತ್ತಿದ್ದೆ. ಈಗಲೂ ದೆವ್ವ, ಶಕುನ ಯಾವುದನ್ನೂ ನಂಬುವುದಿಲ್ಲ. ನಂಬುವಂತಿದ್ದರೆ ಯಾವುದೋ ದೇವರಿಗೆ ಹರಕೆ ಕಟ್ಟಿಕೊಂಡು ಸುಮ್ಮನಾಗಬಹುದಿತ್ತು. ನನಗೆ ಆ ದಾರಿಯೂ ಇಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು. ಎಂ.ಎಸ್ಸಿ. ಮುಗಿಸಿ ಚಿಂತಾಮಣಿಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದೆ. ರಜೆ ಬಂದರೆ ಜಂಗಮಕೋಟೆಗೆ, ಅಕ್ಕ ಭಾವನ ಮನೆಗೆ. ಅಮ್ಮ ತೀರಿಕೊಂಡಾಗ ನನಗಿನ್ನೂ ಸರಿಯಾಗಿ ಮಾತು ಬರುತ್ತಿರಲಿಲ್ಲವಂತೆ. ಮಾತು ಕಲಿಸಿದವಳು ಅಕ್ಕ. ಅವಳೊಬ್ಬಳೇ ಕರೆಯುತ್ತಿದ್ದ ಒಂದು ಮುದ್ದಿನ ಹೆಸರೂ ನನಗಿತ್ತು.

ಹಾಗೆ ಹೋಗಿದ್ದ ಒಂದು ಸಂಜೆ, ಅವರು ಸಾಕಿದ್ದ ಹುಳು ಜ್ವರಕ್ಕೆ ಕೂತಿದ್ದವು. ರೇಷ್ಮೆಹುಳು ಪೊರೆ ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು ಅಲುಗಾಡದೆ ಇರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಸೊಪ್ಪು ಹಾಕುವ ಕೆಲಸವಿಲ್ಲದೆ ಅಕ್ಕ ಜಗಲಿಗೆ ಬಂದು ನನ್ನ ಹಳೇ ಲ್ಯಾಪ್‌ಟಾಪ್ ಪಕ್ಕ ಕೂತಳು. ನಾನು ಹ್ಯಾಶ್‌ಮ್ಯಾಪ್ ಪಾಠಕ್ಕೆ ಉದಾಹರಣೆ ತಯಾರಿಸುತ್ತಿದ್ದೆ. ಹೆಸರು ಕೊಟ್ಟರೆ ಅದರೊಂದಿಗೆ ಇಟ್ಟದ್ದನ್ನು ಥಟ್ಟನೆ ತೆಗೆದುಕೊಡುವ ಪೆಟ್ಟಿಗೆ ಎಂದುಕೊಳ್ಳಿ. ಮೊದಲು ನನ್ನ ಆ ಮುದ್ದಿನ ಹೆಸರನ್ನೇ ಹಾಕಿದೆ. ಆಮೇಲೆ ಹುಳುಮನೆಯ ಮಾತುಗಳು: ಹುಳು, ಜ್ವರ, ಗೂಡು, ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆ. ಕನ್ನಡದ್ದೂ ಮನೆಯ ತೆಲುಗಿನದ್ದೂ ಅಕ್ಕ ಹೇಳುತ್ತ ಹೋದಳು, ನಾನು ಇಂಗ್ಲಿಷ್ ಅಕ್ಷರಗಳಲ್ಲಿ ಒತ್ತುತ್ತ ಹೋದೆ. ಅಡುಗೆಮನೆಯ ಮಾತುಗಳನ್ನು ಮಾರನೆಯ ದಿನಕ್ಕೆ ಬಿಟ್ಟೆವು.

ಕೊನೆಯಲ್ಲಿ ಕ್ಲಿಯರ್ ಎಂಬ ಆದೇಶವಿತ್ತು. ಪೆಟ್ಟಿಗೆ ಹಾಗೇ ಇರುತ್ತದೆ, ಒಳಗಿರುವುದೆಲ್ಲ ಒಂದೇ ಸಲಕ್ಕೆ ಹೋಗುತ್ತದೆ ಎಂದು ಅವಳಿಗೆ ವಿವರಿಸಿದೆ.

“ಎಲ್ಲಾನಾ? ತಳದಲ್ಲಿ ಒಂದಾದ್ರೂ ಬಿಡಲ್ವೇನೋ?”

“ಬಿಟ್ರೆ ಅದು ಕ್ಲಿಯರ್ ಹೆಂಗಾಗುತ್ತಕ್ಕ?”

“ನಿನ್ ಓದಿಗಿಷ್ಟು! ಅಕ್ಕಿ ಡಬ್ಬ ಪೂರ್ತಿ ಬಳೀಬಾರ್ದು, ಒಂದು ಹಿಡಿ ಬಿಡ್ಬೇಕು ಅಂತ ಹೇಳ್ಕೊಟ್ಟಿಲ್ವಾ ನಾನು?”

“ಇದು ಅಕ್ಕಿ ಅಲ್ಲ ಕಣಕ್ಕ.”

“ಸರಿ ಬಿಡಪ್ಪ. ನಿನ್ ಡಬ್ಬ, ನಿನ್ನಿಷ್ಟ,” ಎಂದು ನಕ್ಕಳು.

ಗುಂಡಿ ಒತ್ತಿದ್ದು ನಾನೋ ಅವಳೋ, ಈಗ ಖಚಿತವಿಲ್ಲ. ಸೊಪ್ಪಿನ ಕಲೆ ಹಿಡಿದ ಒಂದು ಬೆರಳು ಕಣ್ಣ ಮುಂದೆ ಬರುತ್ತದೆ. ಆದರೆ ಬೆಳಿಗ್ಗೆ ನಾನೂ ಅವಳ ಜೊತೆ ಸೊಪ್ಪು ಕತ್ತರಿಸಿದ್ದೆ. ಒಳಗೆ ಉಳಿದದ್ದೆಷ್ಟು ಎಂಬುದಕ್ಕೆ ಪರದೆಯ ಮೇಲೆ ಸೊನ್ನೆ ಬಂತು. ಲ್ಯಾಪ್‌ಟಾಪ್ ಮುಚ್ಚಿದೆ.

ಹುಳು ಬೆಳಗಿನ ಹೊತ್ತಿಗೆ ಜ್ವರದಿಂದ ಎದ್ದಿದ್ದವು. ಅಕ್ಕ ಹುಳುಮನೆಯ ಬಾಗಿಲಲ್ಲಿ ನಿಂತು, “ಎದ್ದವೆ ಕಣೋ,” ಅಂದಳು. ಮುಂದಕ್ಕೆ ತಡವರಿಸಿದಳು. “ಅವು... ಏನೋ ಅವು?”

“ಬೆಳಿಗ್ಗೇನೇ ಪರೀಕ್ಷೆನಾ ಮೇಡಂ?” ಅಂದೆ.

“ಆಟ ಆಡ್ಬೇಡಪ್ಪ. ಏನಂತಾರೆ ಅವಕ್ಕೆ?”

ಹುಳು ಎಂದು ಹೇಳಿಕೊಟ್ಟೆ. ತುಟಿ ಆಡಿಸಿದಳು, ಧ್ವನಿ ಹೊರಡಲಿಲ್ಲ. ತೆಲುಗಿನಲ್ಲಿ ತಡಕಿದಳು, ಅಲ್ಲೂ ಸಿಗಲಿಲ್ಲ. ಕೈ ಮಾತ್ರ ತಟ್ಟೆಗಳ ಮೇಲೆ ಹದವಾಗಿ ಸೊಪ್ಪು ಹರಡುತ್ತಲೇ ಇತ್ತು. ಚಂದ್ರಿಕೆ ತೋರಿಸಿದರೆ ಅದರ ಹೆಸರೂ ಇಲ್ಲ. ಉಪ್ಪು, ಸೌಟು, ಒಲೆ ಎಲ್ಲವನ್ನೂ ಸರಿಯಾಗಿ ಹೇಳಿದಳು. ಕೊನೆಗೆ ನನ್ನನ್ನೇ ತೋರಿಸಿಕೊಂಡು, ನನ್ನ ಏನಂತ ಕರೀತೀಯಕ್ಕ ಎಂದೆ.

“ಗೊತ್ತಿಲ್ವಾ ನಂಗೆ? ನೀನು... ನೀನು...” ಅವಳ ಕಣ್ಣು ತುಂಬಿತು.

ಭಾವನೂ ನಾನೂ ಚಿಕ್ಕಬಳ್ಳಾಪುರಕ್ಕೆ ಕರೆದೊಯ್ದೆವು. ಮಿದುಳಿನ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ, ಕೆಲವರಿಗೆ ಹೀಗೆ ಒಂದು ಬಗೆಯ ಮಾತುಗಳು ಮಾತ್ರ ಹೋಗುತ್ತವೆ ಎಂದರು ಡಾಕ್ಟರು. ಒಪ್ಪುತ್ತೇನೆ. ಆದರೆ ಪೆಟ್ಟಿಗೆಯಲ್ಲಿದ್ದವೇ ಹೋಗಿ, ನಾಳೆಗೆಂದು ಬಿಟ್ಟವೇ ಏಕೆ ಉಳಿದವು? ಅಥವಾ ಅವಳು ಕಳೆದುಕೊಂಡದ್ದನ್ನೆಲ್ಲ ನನ್ನ ನೆನಪು ಆಮೇಲೆ ಆ ಪೆಟ್ಟಿಗೆಗೆ ತುಂಬಿಕೊಂಡಿತೇ? ಪರೀಕ್ಷಿಸಲು ಸಾಕ್ಷಿಯಿಲ್ಲ. ನಾನು ಏನನ್ನೂ ಸೇವ್ ಮಾಡಿರಲಿಲ್ಲ.

ಅಕ್ಕ ಇದ್ದಾಳೆ. ಎಷ್ಟೋ ವರ್ಷ ಆ ಮಾತುಗಳನ್ನು ಒಂದೊಂದಾಗಿ ಹೇಳಿಕೊಟ್ಟೆ. ತಲೆಯಾಡಿಸುತ್ತಾಳೆ, ಮರುಗಳಿಗೆಯಲ್ಲಿ ಇಲ್ಲ. ಈಚೆಗೆ ಉಳಿದಿದ್ದವೂ ಹೋಗುತ್ತಿವೆ. ಆದರೂ ಅಕ್ಕಿ ತೆಗೆಯುವಾಗ ಡಬ್ಬದ ತಳದಲ್ಲಿ ಒಂದು ಹಿಡಿ ಬಿಡುವುದನ್ನು ಅವಳ ಕೈ ಮರೆತಿಲ್ಲ. ಅದನ್ನು ನೋಡಿದಾಗ ನನಗೆ ಅಲ್ಲಿ ನಿಲ್ಲಲಾಗುವುದಿಲ್ಲ.

ಅವಳು ಕರೆಯುತ್ತಿದ್ದ ಆ ಹೆಸರನ್ನು ಈ ಬರಹದ ಮೊದಲ ಸಾಲಿನಲ್ಲೇ ಇಡಬೇಕೆಂದು ಕೂತೆ. ಬರಲಿಲ್ಲ. ಒತ್ತಿದ್ದು ನೆನಪಿದೆ, ಯಾವ ಅಕ್ಷರಗಳೆಂಬುದು ಇಲ್ಲ. ಭಾವನಿಗೆ ಫೋನ್ ಮಾಡಿ ಕೇಳಿದೆ.

“ನಿನ್ನ ಅವಳು ಬೇರೆ ಹೆಸರಿಟ್ಟು ಕರೀತಿದ್ಲಾ?” ಎಂದರು ಭಾವ. “ನಾನ್ಯಾವತ್ತೂ ಕೇಳೇ ಇಲ್ವಲ್ಲಪ್ಪ.”

ಇನ್ನು ಕೇಳಲು ಉಳಿದಿರುವವಳು ಅಕ್ಕ ಒಬ್ಬಳೇ.