ಹೊಸ ಬ್ಲೇಡು ಎಂದು ಹೇಳಿದ್ದು

ಆ ದಿನ ನಿಮ್ಮ ಕೆನ್ನೆಗೆ ಇಟ್ಟ ಬ್ಲೇಡು ಹೊಸದಾಗಿರಲಿಲ್ಲ, ಸರ್. ಹೊಸದು ಎಂದು ನಾನು ಹೇಳಿದ್ದು ಸುಳ್ಳು. ನಾನು ಎಂದರೆ ಈರಣ್ಣ — ಶಿವಾಜಿನಗರ ಬಸ್ ನಿಲ್ದಾಣದ ಹಿಂದಿನ ಗಲ್ಲಿಯ ಸಲೂನಿನಲ್ಲಿ ಎರಡನೇ ಕುರ್ಚಿಯ ಬಳಿ ನಿಲ್ಲುತ್ತಿದ್ದವನು. ನಿಮಗೆ ಕನ್ನಡ ಓದಲು ಬರುವುದಿಲ್ಲ. ಅದು ಗೊತ್ತಿರುವುದರಿಂದಲೇ ಬರೆಯುವ ಧೈರ್ಯ ಬಂತೇನೋ... ಅದೂ ಹೇಡಿತನವೇ.

ತೊಂಬತ್ತರ ದಶಕದ ಕೊನೆ. ನಾನು ಲಿಂಗಸೂಗೂರು ಕಡೆಯಿಂದ ಬಂದು ಎರಡು ವರ್ಷವಾಗಿತ್ತು. ಭಾನುವಾರ ಬೆಳಿಗ್ಗೆ, ಬೆಂಚಿನ ತುಂಬ ಜನ. ಬಾಗಿಲಲ್ಲಿ ತಲೆ ತಗ್ಗಿಸಿ ನೀವು ಒಳಗೆ ಬಂದಾಗ ಎಲ್ಲರ ಮಾತು ನಿಂತಿತು. ನಾರ್ವೆಯವರು, ಬೆನ್ಸನ್ ಟೌನಿನ ಡಾರತಿ ಮೇಡಂ ಮನೆಯ ಮಹಡಿಯಲ್ಲಿ ಇಳಿದುಕೊಂಡವರು ಎಂದು ಆಮೇಲೆ ತಿಳಿಯಿತು. ನನ್ನ ಕುರ್ಚಿಯಲ್ಲೇ ಕೂತಿರಿ. ಮೇಡಂ ಇಂಗ್ಲಿಷ್ ಅಕ್ಷರದಲ್ಲಿ ಬರೆದುಕೊಟ್ಟಿದ್ದ ಕನ್ನಡದ ಚೀಟಿ ತೆಗೆದು, ಬಿಡಿಸಿ ಬಿಡಿಸಿ ಓದಿದಿರಿ.

"ಹೊ...ಸ ಬ್ಲೇಡು... ಹಾಕಿ."

ಬೆಂಚಿನವರು ನಕ್ಕರು, ನೀವೂ ನಕ್ಕಿರಿ. ನಾನು ಡ್ರಾಯರ್ ಎಳೆದು ನೋಡಿದೆ — ಪೊಟ್ಟಣ ಖಾಲಿ. ನಾಲ್ಕು ಹೆಜ್ಜೆ ಆಚೆಯ ಅಂಗಡಿಯಲ್ಲಿ ಸಿಗುತ್ತಿತ್ತು. ಹೋಗಲಿಲ್ಲ. ಹೋದರೆ ಇಷ್ಟು ಜನರ ಮುಂದೆ ಮರ್ಯಾದೆ ಹೋಗುತ್ತದೆ, ಸಾಹೇಬರು ಎದ್ದು ಪಕ್ಕದ ಕುರ್ಚಿಗೆ ಹೋಗಿಬಿಡುತ್ತಾರೆ — ಇಂಥದ್ದೇ ಏನೋ. ಕತ್ತಿಯಲ್ಲಿದ್ದದ್ದು ಆಗತಾನೇ ಹೂ ಮಾರುವ ರಾಜಣ್ಣನ ಗಡ್ಡ ತೆಗೆದ ಬ್ಲೇಡು. ನಿಮಗೆ ಬೆನ್ನು ಹಾಕಿ ಅದನ್ನು ಡೆಟಾಲ್ ನೀರಿನಲ್ಲಿ ಅದ್ದಿದೆ. ಖಾಲಿ ಪೊಟ್ಟಣದ ಕಾಗದವನ್ನು ಪರಪರ ಎನಿಸಿದೆ. ಹೌದು, ಅದನ್ನೂ ಮಾಡಿದೆ — ನಿಮಗೆ ಕೇಳಿಸಲಿ ಎಂದು.

"ಹೊಸದು ಸರ್. ನ್ಯೂ, ನ್ಯೂ."

ನೀವು ಕಣ್ಣು ಮುಚ್ಚಿದಿರಿ. ಗದ್ದದ ಕೆಳಗೆ ಕೊಯ್ದು ರಕ್ತ ಬಂತು. ಗಾಬರಿಯಿಂದ ಪಟಿಕ ಒತ್ತಿದೆ. ಪರವಾಗಿಲ್ಲ ಎನ್ನುವಂತೆ ನೀವೇ ನನ್ನ ಭುಜ ತಟ್ಟಿದಿರಿ.

ಮೂರು ವಾರಕ್ಕೆ ರಾಜಣ್ಣ ಆಸ್ಪತ್ರೆ ಸೇರಿದ. ನೋಡಲು ಹೋದರೆ ಅವನ ಕಣ್ಣು ಅರಿಶಿನದಂತೆ ಹಳದಿ. "ರಕ್ತದಿಂದ ಅಂಟೋ ಕಾಮಾಲೆಯಂತೆ ಗುರು. ಯಾವಾಗಿಂದ ಮೈಯಲ್ಲಿತ್ತೋ ಗೊತ್ತಿಲ್ಲ ಅಂದ್ರು ಡಾಕ್ಟ್ರು" ಎಂದ. ಅವನ ಗಡ್ಡ ತೆಗೆದ ಬ್ಲೇಡೇ ನಿಮ್ಮ ಗದ್ದ ಕೊಯ್ದಿತ್ತು.

ನೀವಿನ್ನೂ ಊರಲ್ಲೇ ಇದ್ದಿರಿ. ಬೆನ್ಸನ್ ಟೌನ್ ಎಷ್ಟು ದೂರ? ಎರಡು ಸಲ ಹೊರಟೆ, ಎರಡು ಸಲವೂ ಅರ್ಧ ದಾರಿಯಿಂದ ತಿರುಗಿದೆ. ಹೇಳಿದರೆ ಪೊಲೀಸರು ಬರುತ್ತಾರೆ, ಮಾಲೀಕರು ಕುರ್ಚಿ ಕಿತ್ತುಕೊಳ್ಳುತ್ತಾರೆ... ಕೊನೆಗೆ ನೀವೇ ಬಂದಿರಿ, ಮರುದಿನ ಊರಿಗೆ ಹೋಗುತ್ತೇನೆಂದು ಕೈ ಕುಲುಕಲು. ನಾನು ನಿಮ್ಮ ಕಣ್ಣನ್ನೇ ನೋಡಿದೆ. ಬೆಳ್ಳಗಿದ್ದವು. ಸದ್ಯ, ಏನೂ ಆಗಿಲ್ಲ ಎಂದುಕೊಂಡೆ. ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ ಎಂಬ ಒಂದು ಮಾತು — ಅದನ್ನೂ ನುಂಗಿಕೊಂಡೆ.

ಎರಡು ತಿಂಗಳ ಮೇಲೆ ಡಾರತಿ ಮೇಡಂ ಸಲೂನಿಗೆ ಬಂದರು. ಕೈಯಲ್ಲಿ ನಿಮ್ಮ ಕಾಗದ.

"ಈರಣ್ಣ, ಅವನಿಗೆ ಅಲ್ಲಿ ಜಾಂಡೀಸ್ ಆಗಿದೆಯಪ್ಪಾ. ಲಿವರ್ ತುಂಬಾ ಕೆಟ್ಟಿದೆಯಂತೆ. ಇಂಡಿಯಾದಲ್ಲಿ ಶೇವಿಂಗ್ ಮಾಡಿಸ್ಕೊಂಡ್ರಾ ಅಂತ ಡಾಕ್ಟರ್ ಕೇಳಿದ್ರಂತೆ. ಅಲ್ಲಿಂದ ಬಂದಿರೋಕೆ ಚಾನ್ಸೇ ಇಲ್ಲ, ಆ ಮನುಷ್ಯ ನನ್ನೆದುರಿಗೇ ಹೊಸ ಬ್ಲೇಡು ಹಾಕಿದ ಅಂತ ಇವನು ಹೇಳಿದ್ದಾನೆ. ನಾನೂ ಒಂದ್ಸಲ ಕೇಳೋಣ ಅಂತ ಬಂದೆ. ಹೊಸದೇ ತಾನೇ?"

"ಹೌದು ಮೇಡಂ. ಹೊಸದೇ."

"ಥ್ಯಾಂಕ್ ಗಾಡ್. ಹಾಗೇ ಬರೀತೀನಿ."

ಅವರು ಗಲ್ಲಿ ದಾಟುವಷ್ಟರಲ್ಲಿ ಹಿಂದೆ ಓಡಿದೆ. ಮೂಲೆಯಲ್ಲಿ ನಿಂತಿದ್ದವರು ತಿರುಗಿ, "ಏನಪ್ಪಾ?" ಎಂದರು.

"ಆಟೋ ಹಿಡಿದು ಕೊಡ್ಲಾ, ಮೇಡಂ?"

ಹಿಡಿದು ಕೊಟ್ಟೆ. ಅವರು ಹತ್ತಿ ಹೋದರು.

ಕೆಲವು ವರ್ಷಗಳ ಮೇಲೆ ಅವರ ಮನೆ ಹುಡುಕಿಕೊಂಡು ಹೋದಾಗ ಅಲ್ಲಿ ಬೇರೆ ಕಟ್ಟಡ ಎದ್ದಿತ್ತು. ನೀವು ಗುಣವಾದಿರೋ ಇಲ್ಲವೋ ನನಗೆ ಗೊತ್ತಿಲ್ಲ. ಅಂದು ಆಟೋ ಹತ್ತಿ ಹೋದ ಮೇಲೂ ಮೇಡಂ ಬಹಳ ದಿನ ಆ ಹಳೆಯ ಮನೆಯಲ್ಲೇ ಇದ್ದರು. ಕೇಳಬಹುದಾಗಿತ್ತು. ಉತ್ತರಕ್ಕೆ ಹೆದರಿ ನಾನು ಕೇಳಲಿಲ್ಲ.